ಟೇಬಲ್ ಮೇಲಿನ ಬಿಳಿ ಉಂಗುರ

ವಿಲ್ಸನ್ ಗಾರ್ಡನ್‌ನ ನಮ್ಮ ಬಾಡಿಗೆ ಮನೆಯಲ್ಲಿ ಓನರ್ ಆಂಟಿ ಬಿಟ್ಟುಹೋದ ಒಂದು ಟೇಬಲ್ ಇದೆ. ತೀರಿಹೋದ ಅವರ ಯಜಮಾನರದ್ದು. 'ಹುಷಾರಾಗಿ ನೋಡ್ಕೊಳ್ಳಪ್ಪ' ಅಂತ ಹೇಳಿಯೇ ಕೀ ಕೊಟ್ಟಿದ್ರು. ನಾನು ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟೆ, ಪಕ್ಕದಲ್ಲೇ ಬಿಸಿ ಕಾಫಿ ಲೋಟ. ರಾತ್ರಿ ಆಫೀಸ್ ಕಾಲ್ ಮುಗಿಯೋ ಹೊತ್ತಿಗೆ ಲೋಟದ ಅಳತೆಗೇ ಒಂದು ಬಿಳಿ ಉಂಗುರ!

ಬಗ್ ಕಂಡ ತಕ್ಷಣ ಫಿಕ್ಸ್ ಮಾಡೋ ಚಾಳಿ ನಂದು. ಸ್ಯಾನಿಟೈಸರ್ ಹಾಕಿ ಒರೆಸಿದೆ. ಉಂಗುರ ಹೋಗಲಿಲ್ಲ, ಸುತ್ತಲಿನ ಹೊಳಪು ಹೋಯ್ತು. ಮುಂದಿನ ಉಪಾಯ ಸ್ಯಾಂಡ್‌ಪೇಪರ್. ಪುಣ್ಯಕ್ಕೆ ಪಕ್ಕದ ಮನೆ ಬಾಗಿಲಿಗೆ ಪಾಲಿಶ್ ಮಾಡ್ತಿದ್ದ ಮೇಸ್ತ್ರಿ ಸಿಕ್ಕರು. ಟೇಬಲ್ ಅಂಚನ್ನ ಸವರಿ ನೋಡಿ, 'ಉಜ್ಜಿಲ್ಲ ತಾನೆ ಸಾರ್? ಇದು ಇಡೀ ತೇಗ ಅಲ್ಲ, ಪ್ಲೈವುಡ್ ಮೇಲೆ ತೇಗದ ಸಿಪ್ಪೆ' ಅಂದ್ರು. ವಿನೀರ್ ಅಂದ್ರೆ ಅದೇ. ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು. ಜೋರಾಗಿ ಉಜ್ಜಿದ್ರೆ ಕೆಳಗಿನ ಪ್ಲೈವುಡ್ ಕಾಣುತ್ತೆ, ಮತ್ತೆ ಸರಿ ಮಾಡೋಕಾಗಲ್ಲ.

ಮೊದಲು ಕಲೆಯ ಬಣ್ಣ ನೋಡಿ. ಬಿಳಿಯಾಗಿದ್ರೆ ತೇವ ಪಾಲಿಶ್‌ನಲ್ಲೇ ಸಿಕ್ಕಿಹಾಕಿಕೊಂಡಿದೆ, ಮರಕ್ಕೆ ತಾಗಿಲ್ಲ. ಒಂದೆರಡು ದಿನ ಫ್ಯಾನ್ ಗಾಳಿಗೆ ಬಿಡಿ. ಹೋಗಲಿಲ್ವಾ? ಒಣ ಕಾಟನ್ ಬಟ್ಟೆ ಹಾಸಿ, ಸ್ಟೀಮ್ ಇಲ್ಲದ ಇಸ್ತ್ರಿಪೆಟ್ಟಿಗೆಯನ್ನ ಅತಿ ಕಡಿಮೆ ಬಿಸಿಯಲ್ಲಿ ನಾಲ್ಕೈದು ಸೆಕೆಂಡ್ ಮಾತ್ರ ಇಟ್ಟು, ಎತ್ತಿ ನೋಡಿ. ನಮ್ಮ ಉಂಗುರ ಮೂರನೇ ಸಲಕ್ಕೆ ಮಾಯವಾಯ್ತು. ಹಳೇ ಫರ್ನಿಚರ್‌ಗೆ ಎಷ್ಟೋ ಸಲ ಅರಗಿನ ಪಾಲಿಶ್ ಇರುತ್ತೆ, ಅದು ಸ್ಪಿರಿಟ್‌ನಲ್ಲಿ ಕರಗುತ್ತೆ. ನನ್ನ ಸ್ಯಾನಿಟೈಸರ್ ಮಾಡಿದ್ದೂ ಅದನ್ನೇ. ಹೊಳಪು ಹೋದ ಕಡೆ ಮೇಸ್ತ್ರಿ ಬಟ್ಟೆ ಉಂಡೆಯಿಂದ ತೆಳುವಾಗಿ ಪಾಲಿಶ್ ಎಳೆದರು.

ಕಲೆ ಕಪ್ಪಾಗಿದ್ರೆ ಅದು ಮರಕ್ಕೇ ಇಳಿದಿದೆ ಅಂತ ಲೆಕ್ಕ. ಪಾಲಿಶ್ ತೆಗೆದು ಆಕ್ಸಾಲಿಕ್ ಆಸಿಡ್ ಹಚ್ಚಬೇಕಾಗುತ್ತೆ. ಅದು ವಿಷ, ಗೊತ್ತಿರೋರಿಗೇ ಬಿಡಿ.

ಟೇಬಲ್ ಮೂಲೆಯಲ್ಲಿ ಅಂಥದ್ದೂ ಒಂದಿತ್ತು. 'ಇದನ್ನೂ ತೆಗೆದುಬಿಡಿ' ಅಂದೆ. 'ಓನರ್‌ನ ಒಂದು ಮಾತು ಕೇಳಿ ಸಾರ್' ಅಂದ್ರು ಮೇಸ್ತ್ರಿ. ಅಡ್ವಾನ್ಸ್‌ನಲ್ಲಿ ಎಷ್ಟು ಕಟ್ ಆಗುತ್ತೋ ಅನ್ನೋ ಭಯದಲ್ಲೇ ಆಂಟಿಗೆ ಫೋನ್ ಮಾಡಿ, ಸ್ಯಾನಿಟೈಸರ್ ಕಥೆಯನ್ನೂ ಸೇರಿಸಿ ಎಲ್ಲಾ ಒಪ್ಪಿಕೊಂಡೆ.

'ಉಂಗುರ ಹೋಯ್ತಲ್ಲ, ಬಿಡು' ಅಂದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮೂಲೇದು ಅವರ ಇಂಕ್ ಬಾಟಲಿ ಉರುಳಿದ್ದು. ಅದನ್ನ ಮುಟ್ಟಬೇಡಪ್ಪ.'

ಈಗ ನನ್ನ ಲೋಟದ ಕೆಳಗೆ ಕೋಸ್ಟರ್ ಇದೆ. ಮೂಲೆಯ ಕಲೆ ಇದ್ದಲ್ಲೇ ಇದೆ.