ಕಾರ್ಟ್ರಿಜ್‌ಗೆ ಶಾಯಿ ತುಂಬಿಸಿಕೊಳ್ಳಲು ಅಡ್ಡಿ ಯಾಕೆ?

ಗೆ,
ಕಾರ್ಯದರ್ಶಿಯವರು,
ಗ್ರಾಹಕ ವ್ಯವಹಾರಗಳ ಇಲಾಖೆ, ನವದೆಹಲಿ

ಮಾನ್ಯರೇ,

ಪುಣೆಯ ಸ್ವಾರಗೇಟ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ. ಕರ್ನಾಟಕದ ಬಸ್ಸುಗಳು ಇಲ್ಲಿಗೇ ಬರುವುದರಿಂದ ಇಂಡಿ, ಸಿಂದಗಿ, ಆಳಂದ ಕಡೆಯ ಕೂಲಿಕಾರರು ನನಗೆ ಕಾಯಂ ಗಿರಾಕಿಗಳು. "ಅಕ್ಕಾರ, ಇದರದೊಂದು ಪ್ರಿಂಟ್ ತಗದು ಕೊಡ್ರಿ" ಎಂದು ಮೊಬೈಲ್ ಮುಂದೆ ಹಿಡಿಯುತ್ತಾರೆ. ಆಧಾರ್, ಮಕ್ಕಳ ಟಿ.ಸಿ., ಜಾತಿ ಪ್ರಮಾಣಪತ್ರ. ಹಾಳೆಗೆ ಐದು ರೂಪಾಯಿಗಿಂತ ಹೆಚ್ಚು ಕೇಳಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ಸಾದಾ ಇಂಕ್‌ಜೆಟ್ ಪ್ರಿಂಟರಿಗೆ ಹೊಸ ಕಪ್ಪು ಕಾರ್ಟ್ರಿಜ್ ಕೊಳ್ಳಲು ಸಾವಿರ ರೂಪಾಯಿಯ ಆಸುಪಾಸು ಬೇಕು. ಒಳಗಿರುವುದು ಕೆಲವೇ ಮಿಲಿಲೀಟರ್ ಶಾಯಿ. ರೀಫಿಲ್ ಮಾಡಿಸಿದರೆ ಆ ಬೆಲೆಯ ಕಾಲುಭಾಗವೂ ಖರ್ಚಾಗುವುದಿಲ್ಲ.

ರೀಫಿಲ್ ಎಂದರೆ ಕಳ್ಳದಂಧೆ ಎಂಬಂತೆ ಮಾತಾಡುವವರು ಆ ಕೆಲಸವನ್ನೊಮ್ಮೆ ನೋಡಬೇಕು. ನನಗೆ ತುಂಬಿಕೊಡುವ ಹುಡುಗ ಕಾರ್ಟ್ರಿಜ್‌ನ ಮೇಲಿನ ಸ್ಟಿಕರ್ ಎಬ್ಬಿಸಿ, ಸಣ್ಣ ತೂತಿನಲ್ಲಿ ಸಿರಿಂಜಿನ ಸೂಜಿಯನ್ನು ಸ್ಪಂಜಿನ ತಳದವರೆಗೆ ಇಳಿಸುತ್ತಾನೆ. ಗಾಳಿಗುಳ್ಳೆ ಏಳದ ಹಾಗೆ ಶಾಯಿಯನ್ನು ತೀರಾ ನಿಧಾನಕ್ಕೆ ಬಿಡುತ್ತಾನೆ. ಆಮೇಲೆ ತಳವನ್ನು ಟಿಶ್ಯೂ ಪೇಪರಿನ ಮೇಲೆ ಒತ್ತುತ್ತಾನೆ. ಕಪ್ಪು ಗೆರೆ ಎಲ್ಲೂ ತುಂಡಾಗದೆ ಮೂಡಿದರೆ ಮಾತ್ರ ದುಡ್ಡು ತೆಗೆದುಕೊಳ್ಳುತ್ತಾನೆ.

ಎಲ್ಲರಿಗೂ ಇದು ಒಗ್ಗುತ್ತದೆಂದು ನಾನು ಹೇಳುವುದಿಲ್ಲ. ಇಂಥ ಕಾರ್ಟ್ರಿಜ್‌ಗಳಲ್ಲಿ ಶಾಯಿ ಚಿಮ್ಮಿಸುವ ಹೆಡ್ಡೂ ಒಳಗೇ ಇರುತ್ತದೆ. ಅದು ಶಾಯಿಯನ್ನು ಬಿಸಿ ಮಾಡಿಯೇ ಹನಿ ಹಾರಿಸುವುದು. ಶಾಯಿ ಪೂರ್ತಿ ಮುಗಿದ ಮೇಲೂ ಓಡಿಸಿದರೆ ಹೆಡ್ ಸುಟ್ಟುಹೋಗಬಹುದು. ಕೆಲವು ಸಲ ತುಂಬಿಸಿದ ಮೇಲೆ ಅಕ್ಷರದ ನಡುವೆ ಬಿಳಿ ಗೆರೆ ಬರುತ್ತದೆ, ಅದು ಹೋಗದಿದ್ದರೆ ಹೊಸದು ಕೊಳ್ಳಲೇಬೇಕು. ಫೋಟೊ ತೆಗೆಯುವವರಿಗೂ, ತಿಂಗಳಿಗೊಂದು ಹಾಳೆ ತೆಗೆಯುವವರಿಗೂ ಈ ಉಸಾಬರಿ ಬೇಡ. ಆದರೆ ದಿನಾ ಕಪ್ಪಕ್ಷರದ ಅರ್ಜಿ ತೆಗೆಯುವ ನನ್ನಂಥವರಿಗೆ ರೀಫಿಲ್ ಖಂಡಿತ ಲಾಭದ್ದೇ.

ಎಪ್ಸನ್ ಕಂಪನಿ 2010ರಲ್ಲಿ ಟ್ಯಾಂಕ್ ಪ್ರಿಂಟರ್ ಮಾರುಕಟ್ಟೆಗೆ ತಂದಿತು, ಆಮೇಲೆ ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಅವುಗಳಿಗೆ ಗಿರಾಕಿಯೇ ಬಾಟಲಿಯಿಂದ ಶಾಯಿ ಸುರಿದುಕೊಳ್ಳುತ್ತಾನೆ. ಬಾಟಲಿಯಿಂದ ಸುರಿಯುವುದು ಸರಿಯಾದರೆ ಸಿರಿಂಜಿನಿಂದ ತುಂಬುವುದು ಹೇಗೆ ತಪ್ಪಾದೀತು?

ನನ್ನ ಅಸಲು ದೂರು, ಪ್ರಿಂಟರ್ ಗುರುತು ಹಿಡಿಯಲೆಂದು ಕಾರ್ಟ್ರಿಜ್ಜಿನಲ್ಲಿ ಇಡುವ ಚಿಪ್ ಬಗ್ಗೆ. ಹಳೆ ಕಾರ್ಟ್ರಿಜ್ ಕೆಟ್ಟಾಗ ಅದರ ಬದಲು ಬೇರೆ ತಯಾರಕರ ಚಿಪ್ ಇರುವ ಕಾರ್ಟ್ರಿಜ್ ಹಾಕಿದ್ದೆ, ಚೆನ್ನಾಗಿಯೇ ನಡೆಯುತ್ತಿತ್ತು. ಒಂದು ದಿನ ಪ್ರಿಂಟರ್ ಇಂಟರ್ನೆಟ್ಟಿನಿಂದ ತಾನೇ ಅಪ್‌ಡೇಟ್ ಆಯಿತು, ಅದೇ ಕಾರ್ಟ್ರಿಜ್ ನಡೆಯುವುದಿಲ್ಲ ಎಂದಿತು. ಶಾಲೆಯ ಅರ್ಜಿಗೆ ಅದೇ ಕೊನೆಯ ದಿನವಾಗಿದ್ದ ತಾಯಿಯೊಬ್ಬಳು ಕಾಗದ ಕೈಯಲ್ಲಿ ಹಿಡಿದು ನಿಂತಿದ್ದಳು. ದುಡ್ಡು ಕೊಟ್ಟು ಕೊಂಡ ಯಂತ್ರದ ನಡತೆಯನ್ನು ಮಾರಿದವರು ಆಮೇಲೆ ಬದಲಾಯಿಸುವುದು ಯಾವ ನ್ಯಾಯ?

ಹೊರದೇಶಗಳಲ್ಲಿ ಇದನ್ನು ಸುಮ್ಮನೆ ಸಹಿಸಿಲ್ಲ. 2016ರಲ್ಲಿ ಎಚ್‌ಪಿ ಇಂಥದೇ ತಡೆ ಹಾಕಿದಾಗ ಗ್ರಾಹಕರು ತಿರುಗಿಬಿದ್ದರು, ಕಂಪನಿ ಕ್ಷಮೆ ಕೇಳಿ ತಡೆ ತೆಗೆಯುವ ತಂತ್ರಾಂಶ ಕೊಡಬೇಕಾಯಿತು. 2020ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಅದೇ ಕಂಪನಿಗೆ ಒಂದು ಕೋಟಿ ಯೂರೋ ದಂಡ ಹಾಕಿತು. ಲೆಕ್ಸ್‌ಮಾರ್ಕ್ ಎಂಬ ಪ್ರಿಂಟರ್ ಕಂಪನಿಯ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2017ರಲ್ಲಿ ಕಾರ್ಟ್ರಿಜ್ ಒಮ್ಮೆ ಮಾರಿದ ಮೇಲೆ ಅದರ ಮೇಲಿನ ಪೇಟೆಂಟ್ ಹಕ್ಕು ಮುಗಿಯಿತೆಂದು ತೀರ್ಪಿತ್ತಿತು.

ತಮ್ಮ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು. ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರ್ ಜೊತೆಗೆ ಕಾರ್ಟ್ರಿಜ್ಜೂ ಇದೆ. ಎಸೆದರೆ ತ್ಯಾಜ್ಯವೆಂದು ಸರ್ಕಾರವೇ ಒಪ್ಪಿದ ವಸ್ತುವನ್ನು ಇನ್ನಷ್ಟು ಕಾಲ ಬಳಸುವವರಿಗೆ ರಕ್ಷಣೆ ಬೇಕಲ್ಲವೇ? ದುರಸ್ತಿ ಹಕ್ಕಿನಲ್ಲಿ ಪ್ರಿಂಟರ್ ಮತ್ತು ಕಾರ್ಟ್ರಿಜ್‌ಗಳನ್ನು ಹೆಸರಿಟ್ಟು ಸೇರಿಸಿ. ಬೇರೆ ಕಾರ್ಟ್ರಿಜ್ ತಡೆಯುವ ಅಪ್‌ಡೇಟನ್ನು ಗಿರಾಕಿಯ ಒಪ್ಪಿಗೆಯಿಲ್ಲದೆ ಹಾಕಕೂಡದೆಂದು ಆಜ್ಞೆ ಮಾಡಿ. ಎಷ್ಟು ಮಿಲಿಲೀಟರ್ ಶಾಯಿ ಇದೆ, ಮರುತುಂಬಲು ಬರುತ್ತದೋ ಇಲ್ಲವೋ, ಎರಡನ್ನೂ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಅಂಗಡಿಯಲ್ಲಿ ದುಡ್ಡು ಎಣಿಸುವ ಮೊದಲೇ ಗಿರಾಕಿಗೆ ಅದು ಗೊತ್ತಾಗಬೇಕು.

ಇಂತಿ,
ಸ್ವಾರಗೇಟದ ಒಬ್ಬ ಝೆರಾಕ್ಸ್ ಅಂಗಡಿಯಾಕೆ