ಒತ್ತೆಗೆ ಉಳಿದವರು

ಬೆಂಗಳೂರಿನ ಹೊರಗೆ ಒಂದು ಇಟ್ಟಿಗೆ ಗೂಡಿಗೆ ಹೋಗಿದ್ದೆ. ಅವತ್ತು ಸಂತೆ. ಗಂಡಸರು ಚೀಲ ಹಿಡಿದು ಹೊರಟರು; ಹೆಂಗಸರು, ಮಕ್ಕಳು ಮಣ್ಣಿನ ರಾಶಿಯ ಪಕ್ಕದಲ್ಲೇ ಉಳಿದರು. ‘ಇವರೂ ಹೋಗಿ ಬರಬಹುದಲ್ಲ?’ ಎಂದೆ. ಮೇಸ್ತ್ರಿ ನಕ್ಕ. ‘ಎಲ್ರೂ ಹೋದ್ರೆ ವಾಪಸ್ ಯಾರು ಬರ್ತಾರೆ ಸಾರ್?’

ಬೀಗವಿಲ್ಲ, ಬೇಲಿಯಿಲ್ಲ. ಒತ್ತೆ ಇದೆ.

ಮಾನವ ಕಳ್ಳಸಾಗಣೆ ಎಂದರೆ ನಮಗೆ ನೆನಪಾಗುವುದು ರಾತ್ರಿ ರೈಲು, ಮಂಪರು ಬರಿಸುವ ಬಿಸ್ಕತ್ತು. ಸಿನಿಮಾ ಕಲಿಸಿದ್ದು ಅಷ್ಟೇ. ಈ ಕುಟುಂಬಗಳನ್ನು ಯಾರೂ ಕದ್ದು ತರಲಿಲ್ಲ. ಒಡಿಶಾದ ಬಲಾಂಗೀರ್, ನುವಾಪಾಡಾ ಕಡೆ ಮಳೆಗಾಲ ಮುಗಿಯುತ್ತಲೇ ದಲ್ಲಾಳಿ ಮನೆ ಬಾಗಿಲಿಗೇ ಬಂದು ಮುಂಗಡ ಎಣಿಸುತ್ತಾನೆ. ಮದುವೆಗೋ ಆಸ್ಪತ್ರೆಗೋ ಅದು ಕರಗುತ್ತದೆ. ಇಲ್ಲಿಗೆ ಬಂದ ಮೇಲೆ ವಾರದ ಖರ್ಚಿಗೆ ಒಂದಿಷ್ಟು ಕಾಸು. ಮಿಕ್ಕ ಲೆಕ್ಕವೆಲ್ಲ ಮೇಸ್ತ್ರಿಯ ಪುಸ್ತಕದಲ್ಲಿ, ಅವರಿಗೆ ಓದಲು ಬಾರದ ಅಕ್ಷರದಲ್ಲಿ. ಅಕಾಲ ಮಳೆಗೆ ಹಸಿ ಇಟ್ಟಿಗೆ ಕರಗಿದರೆ ಅದೂ ಅವರ ತಲೆಗೇ.

ಇದಕ್ಕೆ ಕನ್ನಡದಲ್ಲಿ ಹಳೇ ಹೆಸರಿದೆ, ಜೀತ. 1976ರ ಕಾಯ್ದೆ ಜೀತದ ಸಾಲವನ್ನೇ ಹೊಡೆದುಹಾಕಿದೆ. ಅದು ಜೀತದ ಸಾಲವಲ್ಲ ಎಂದು ರುಜುವಾತು ಮಾಡಬೇಕಾದವನು ಸಾಲ ಕೊಟ್ಟವನು, ದುಡಿದವನಲ್ಲ. ಹೀಗಿದ್ದೂ ‘ಮುಂಗಡ ತಗೊಂಡಿದ್ದು ನಿಜ ತಾನೇ?’ ಎಂಬ ಪ್ರಶ್ನೆ ಮೊದಲು ಬೀಳುವುದು ದುಡಿದವನ ಮೇಲೆ.

ನನ್ನ ತಕರಾರು ಇರುವುದು ಬಿಡಿಸಿಕೊಂಡು ಬಂದ ಮಾರನೇ ದಿನದ ಬಗ್ಗೆ. ದಾಳಿಯ ಫೋಟೊ ಪತ್ರಿಕೆಗೆ ಬರುತ್ತದೆ, ಬಸ್ಸು ಹತ್ತಿಸುತ್ತಾರೆ, ಮುಗಿಯಿತು. ಕೈಗೆ ಬಿಡುಗಡೆ ಪತ್ರ ಬಂತೇ ಎಂದು ಕೇಳುವವರಿಲ್ಲ. ಮುಂಗಡ ಚುಕ್ತಾ ಆಯಿತೆಂದು ಊರಿನ ದಲ್ಲಾಳಿಗೆ ತೋರಿಸಲು ಇರುವುದು ಆ ಒಂದು ಹಾಳೆ. ಸರ್ಕಾರದ ತಕ್ಷಣದ ನೆರವು 30 ಸಾವಿರದವರೆಗೆ. ಪುನರ್ವಸತಿಗೆ ಗಂಡಸಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ. ಕೇಳಲು ಚೆನ್ನ. ಆದರೆ ಪೂರ್ತಿ ಹಣವನ್ನು ಆರೋಪಿಗೆ ಶಿಕ್ಷೆಯಾಗುವುದಕ್ಕೆ ಗಂಟುಹಾಕಿದ್ದಾರೆ. ಕೇಸು ಇಲ್ಲಿ, ಸಾಕ್ಷಿ ಬಲಾಂಗೀರಿನಲ್ಲಿ. ವಾಯಿದೆ ಮೇಲೆ ವಾಯಿದೆ ಬೀಳುವಷ್ಟರಲ್ಲಿ ಮತ್ತೊಂದು ಮಳೆಗಾಲ ಮುಗಿದು ದಲ್ಲಾಳಿ ಬಾಗಿಲಲ್ಲಿ ನಿಂತಿರುತ್ತಾನೆ.

ಮನೆ ಕಟ್ಟಿಸುವವರು ಇಟ್ಟಿಗೆ ಆರಿಸಲು ಗೂಡಿನವರೆಗೂ ಹೋಗುತ್ತಾರೆ. ಒಂದನ್ನೊಂದು ಬಡಿದು ಸದ್ದು ಕೇಳುತ್ತಾರೆ. ಹಾಗೇ ಅಲ್ಲಿಯವರನ್ನು ಒಂದು ಮಾತು ಕೇಳಿ: ‘ಸಂತೆಗೆ ಮನೆಯವರೆಲ್ಲ ಒಟ್ಟಿಗೇ ಹೋಗ್ತೀರಾ?’ ಉತ್ತರ ಬರುವ ಮೊದಲು ಅವರು ಮೇಸ್ತ್ರಿಯ ಮುಖ ನೋಡಿದರೆ 112ಕ್ಕೆ ಕರೆ ಮಾಡಿ. ಇಟ್ಟಿಗೆ ಹೊರುವ ಮಗು ಕಂಡರೆ 1098ಕ್ಕೆ.