ಕತೆಗೆ ಶಿಖರ ಕಟ್ಟುವವರು

ಹಿಂದೊಮ್ಮೆ ನಮ್ಮ ಸೀಮೆಯ ಒಂದು ಕಥಾಸ್ಪರ್ಧೆಯ ಪರೀಕ್ಷಕರಲ್ಲಿ ನಾನೂ ಒಬ್ಬನಾಗಿದ್ದೆನು. ಬಂದ ಕತೆಗಳಲ್ಲೊಂದು ನಿಪ್ಪಾಣಿಯ ಬೀಡಿ ಕಟ್ಟುವವಳದು. ಆಕೆ ಕಟ್ಟಿ ತಂದ ಸಾವಿರದಲ್ಲಿ ಗುತ್ತಿಗೆದಾರನು ಒಂದು ಹಿಡಿಯನ್ನು ಕೆಟ್ಟವೆಂದು ತೆಗೆದಿರಿಸಿಕೊಂಡು ಕೂಲಿಯಲ್ಲಿ ಕಳೆಯುತ್ತಾನೆ. ಆಕೆ ಜಗಳವಾಡುವುದಿಲ್ಲ; ಮನೆಗೆ ಬಂದು ಒಲೆ ಹೊತ್ತಿಸುತ್ತಾಳೆ. ಕೊನೆಗೆ ಮಗಳ ಪಾಟಿಚೀಲವನ್ನು ಗೂಟಕ್ಕೆ ತೂಗಹಾಕಿ, ನಾಳೆಯಿಂದ ಎಲೆ ಕತ್ತರಿಸಲು ಕೂಡೆನ್ನುತ್ತಾಳೆ. ಇಷ್ಟೇ ಕತೆ. ‘ಶಿಖರವಿಲ್ಲ, ಸಂವಿಧಾನವು ಶಿಥಿಲ’ ಎಂಬ ಷರಾದೊಡನೆ ಅದು ಬದಿಗೆ ಬಿದ್ದಿತು. ಆ ಷರಾದ ಕೆಳಗೆ ನನ್ನ ರುಜುವೂ ಇರುತ್ತದೆ.

ಈ ಶಿಖರವು ಎಲ್ಲಿಂದ ಬಂದಿತು? 1863ರಲ್ಲಿ ಗುಸ್ತಾವ್ ಫ್ರೈಟಾಗನೆಂಬ ಜರ್ಮನ್ ಗ್ರಂಥಕಾರನು ಐದಂಕದ ನಾಟಕದ ಏರಿಳಿತವನ್ನು ಗೋಪುರದಾಕೃತಿಯಲ್ಲಿ ತೋರಿಸಿದನು. ನಾಟಕಕ್ಕೆ ಹೊಲಿದ ಆ ಅಂಗಿಯನ್ನು ಪಾಠಪುಸ್ತಕಗಳು ಸಣ್ಣಕತೆಗೆ ತೊಡಿಸಿದವು. ಇದನ್ನು ಕೇಳಿದೊಡನೆ ನಮ್ಮ ಅಭಿಮಾನಿಗಳು ಭರತಮುನಿಯ ಪಂಚಸಂಧಿಗಳನ್ನು ಮುಂದಿಡುವರು. ಮಹಾಶಯರೇ, ಅವೂ ನಾಟಕಕ್ಕೆ ಹೇಳಿದವೇ. ಪರದೇಶದ ಅಂಗಿಯನ್ನು ಬಿಚ್ಚಿ ಅಜ್ಜನ ಅಂಗಿಯನ್ನು ತೊಡಿಸಿದ ಮಾತ್ರಕ್ಕೆ ಕೂಸಿಗೆ ಅಳತೆ ಸರಿಯಾದೀತೇ?

ಕತೆಗಳನ್ನೇ ನೋಡಿ ಕತೆಯ ಮಾತಾಡಿದವರು ನಮ್ಮ ಮಗ್ಗುಲಲ್ಲಿಯೇ ಹುಟ್ಟಿದ್ದರು. ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ 1906ರಲ್ಲಿ ಜನಿಸಿದ ಆ. ನೇ. ಉಪಾಧ್ಯೆಯವರು 1943ರಲ್ಲಿ ಹರಿಷೇಣನ ‘ಬೃಹತ್ಕಥಾಕೋಶ’ವನ್ನು ಸಂಪಾದಿಸಿ, ಅದರ ಪೀಠಿಕೆಯಲ್ಲಿ ನಮ್ಮ ‘ವಡ್ಡಾರಾಧನೆ’ಯನ್ನೂ ಕಥಾಕೋಶಗಳ ಸಾಲಿನಲ್ಲಿಟ್ಟು ವಿಚಾರಿಸಿದರು. ಆ ವಡ್ಡಾರಾಧನೆಯ ಮೊದಲನೆಯದಾದ ಸುಕುಮಾರಸ್ವಾಮಿಯ ಕತೆಯನ್ನು ಗೋಪುರದಲ್ಲಿ ಕೂಡ್ರಿಸಿ ನೋಡಿರಿ. ವಾಯುಭೂತಿಯು ಬುದ್ಧಿ ಹೇಳಿದ ಅತ್ತಿಗೆಯನ್ನು ಕೋಪದಿಂದ ಒದೆಯುತ್ತಾನೆ. ಆ ಕಾಲನ್ನು ಮುಂದಿನ ಭವದಲ್ಲಿ ತಿನ್ನುವೆನೆಂದು ಆಕೆ ಸಂಕಲ್ಪಿಸುತ್ತಾಳೆ. ಆಮೇಲೆ ಕತ್ತೆ, ಹಂದಿ, ನಾಯಿ ಎಂದು ಜನ್ಮಗಳು ಕಳೆಯುತ್ತವೆ. ಓದುಗನು ಆ ಒದೆತವನ್ನು ಮರೆತೇ ಬಿಡುತ್ತಾನೆ. ತುದಿಯಲ್ಲಿ ಅವನೇ ಸುಕುಮಾರನಾಗಿ ತಪಸ್ಸಿಗೆ ನಿಂತಾಗ, ನರಿಯಾಗಿ ಹುಟ್ಟಿದ ಅವಳು ಮರಿಗಳೊಡನೆ ಬಂದು ಅವನ ಕಾಲನ್ನು ತಿನ್ನತೊಡಗುತ್ತಾಳೆ. ಇಲ್ಲಿ ಆರೋಹವೆಲ್ಲಿ, ಅವರೋಹವೆಲ್ಲಿ? ಆದರೂ ಕಟ್ಟು ಸಡಿಲೆನ್ನಲು ಯಾರಿಗೆ ಬಾಯಿ ಬಂದೀತು? ಜನ್ಮಾಂತರವನ್ನು ನಂಬದವನಿಗೂ ಆ ಗಂಟಿನ ಬಿಗಿ ತಿಳಿಯುತ್ತದೆ.

ಹಳೆಯದು ಬೇಡವೆಂದರೆ ಮಾಸ್ತಿಯವರ ‘ಮೊಸರಿನ ಮಂಗಮ್ಮ’ನಿದ್ದಾಳೆ. ಮೊಮ್ಮಗನಿಗೆ ಬಿದ್ದ ಪೆಟ್ಟಿನಿಂದ ಅತ್ತೆ ಸೊಸೆಯರು ಬೇರೆಯಾಗುತ್ತಾರೆ. ಆ ಮೊಮ್ಮಗನಿಂದಲೇ ಕೂಡುತ್ತಾರೆ. ನಡುವಿರುವುದೆಲ್ಲ ಮೊಸರು ಕೊಡುವಾಗಿನ ಮಾತುಕತೆ.

ಹಾಗಾದರೆ ಸಂವಿಧಾನವೇ ಬೇಡವೇ ಎಂದು ಕೇಳುವವರಿಗೆ, ಷರಾ ಬರೆದವರಿಗಿಂತ ನಾನೇ ಹೆಚ್ಚು ಕಟ್ಟುನಿಟ್ಟಿನವನೆಂದು ಉತ್ತರ ಕೊಡುವೆನು. ಒಂದು ಘಟನೆಯನ್ನು ಕಿತ್ತುಹಾಕಿದರೂ ಕೊನೆಯು ಅಲುಗದೆ ನಿಂತರೆ ಆ ಘಟನೆಯು ಹುಸಿ. ಈ ಪರೀಕ್ಷೆಯಲ್ಲಿ, ಬಹುಮಾನ ಹೊಂದಿದ ಕತೆಯ ಬಿರುಗಾಳಿ, ಆಣೆ, ಆತ್ಮಹತ್ಯೆ ಮೂರೂ ಉದುರಿಹೋಗುತ್ತವೆ. ಬೀಡಿಯವಳ ಕತೆಯಿಂದ ಆ ಒಂದು ಹಿಡಿಯನ್ನು ತೆಗೆದು ನೋಡಿರಿ: ಪಾಟಿಚೀಲವು ಗೂಟಕ್ಕೇರುವುದಿಲ್ಲ; ಹುಡುಗಿಯು ಮರುದಿನ ಸಾಲೆಗೆ ಹೋಗುತ್ತಾಳೆ.

ಆ ಹಸ್ತಪ್ರತಿಯನ್ನು ನಾವು ಅಂಚೆಯಲ್ಲಿ ಮರಳಿಸಿದೆವು, ಷರಾ ಸಹಿತವಾಗಿ. ಅದನ್ನು ಬರೆದವರು ಈ ಪತ್ರಿಕೆಯ ವಾಚಕರಾಗಿದ್ದರೆ, ನನ್ನ ರುಜುವನ್ನು ಹೊಡೆದುಹಾಕಿ, ಕತೆಯನ್ನು ಒಂದಕ್ಷರವೂ ತಿದ್ದದೆ ಸಂಪಾದಕರಿಗೆ ಕಳುಹಬೇಕೆಂದು ಬೇಡುತ್ತೇನೆ.